ಎತ್ತರದ ಲೆಕ್ಕ, ಹೊತ್ತಿನ ಲೆಕ್ಕ: ಲಡಾಖಿನ ರಸ್ತೆ ಕಲಿಸಿದ್ದು

(ಸಾರ್ವಜನಿಕ ಗ್ರಂಥಾಲಯವೊಂದರ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ವಿಷಯ ಬರುವಲ್ಲಿಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಹತ್ತಿ ದೇವನಹಳ್ಳಿಯ ಕಡೆಗೆ ಹೊರಡುವವರು, ವಿಮಾನ ನಿಲ್ದಾಣಕ್ಕೆ ಹೋಗುತ್ತಿರಲಿ ನಂದಿಬೆಟ್ಟಕ್ಕೆ ಹೋಗುತ್ತಿರಲಿ, ತಮಗೆ ಅರಿವಿಲ್ಲದೆಯೇ ಶ್ರೀನಗರದ ರಸ್ತೆಯಲ್ಲಿರುತ್ತಾರೆ. ಕನ್ಯಾಕುಮಾರಿಯನ್ನು ಶ್ರೀನಗರಕ್ಕೆ ಜೋಡಿಸುವ 44ನೇ ರಾಷ್ಟ್ರೀಯ ಹೆದ್ದಾರಿ ದೇಶದಲ್ಲೇ ಅತಿ ಉದ್ದದ್ದು, 3,700 ಕಿಲೋಮೀಟರಿಗೂ ಮಿಗಿಲಾದದ್ದು. ಅದು ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ, ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ, ಜಲಂಧರ್, ಪಠಾಣ್‌ಕೋಟ್, ಜಮ್ಮುಗಳ ಮೂಲಕ ಹಾದುಹೋಗುತ್ತದೆ. ದಾರಿಯಲ್ಲಿ ತುಂಗಭದ್ರೆ, ಕೃಷ್ಣೆ, ಗೋದಾವರಿ, ನರ್ಮದೆ, ಚಂಬಲ್, ಯಮುನೆ, ಸಟ್ಲೆಜ್, ಬಿಯಾಸ್, ರಾವಿ, ಚೆನಾಬ್‌ಗಳನ್ನು ಒಂದಾದ ಮೇಲೊಂದು ದಾಟುತ್ತೇವೆ. ಭೂಗೋಳದ ಪಾಠದಲ್ಲಿ ಬಾಯಿಪಾಠ ಮಾಡಿದ ಹೆಸರುಗಳು ಸೇತುವೆಯ ಫಲಕಗಳಾಗಿ ಎದುರಾಗುವುದು ಒಂದು ಸುಖವೇ ಸರಿ. ಆದರೂ ಜಮ್ಮುವಿನವರೆಗಿನ ಈ ಭಾಗದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಾಲ್ಕು ಪಥದ ರಸ್ತೆ, ಟೋಲ್ ಗೇಟು, ಬಂಕು, ಡಾಬಾಗಳ ಆ ಲೋಕ ನಮಗೆ ಪರಿಚಿತವಾದದ್ದು. ನಾಗಪುರ ಕಳೆದು ಪೆಂಚ್ ಅರಣ್ಯದ ಬಳಿ ಕಾಡುಪ್ರಾಣಿಗಳು ಓಡಾಡಲೆಂದು ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿರುವುದನ್ನು ಮಾತ್ರ ನೋಡದೆ ಮುಂದೆ ಹೋಗಬೇಡಿ. ಬಂಡೀಪುರದ ರಾತ್ರಿ ಸಂಚಾರದ ಬಗ್ಗೆ ವಾದಿಸುವ ನಾವು ನೋಡಲೇಬೇಕಾದ ಕೆಲಸ ಅದು.

ಈ ಹೆದ್ದಾರಿ ನಮ್ಮಲ್ಲಿ ಒಂದು ಅಭ್ಯಾಸವನ್ನು ಗಟ್ಟಿಗೊಳಿಸುತ್ತದೆ. ಇವತ್ತು ಆರುನೂರು ಕಿಲೋಮೀಟರು, ನಾಳೆ ಏಳುನೂರು ಎಂದು ದೂರದಿಂದಲೇ ದಿನವನ್ನು ಅಳೆಯುವ ಅಭ್ಯಾಸ. ಬಯಲಿನಲ್ಲಿ ಅದು ತಪ್ಪೇನೂ ಅಲ್ಲ. ಆದರೆ ಶ್ರೀನಗರದಿಂದ ಲೇಹ್‌ಗೆ ಇರುವ ಸುಮಾರು 420 ಕಿಲೋಮೀಟರನ್ನು, ಅಥವಾ ಮನಾಲಿಯಿಂದ ಲೇಹ್‌ಗೆ ಇರುವ ಹೆಚ್ಚುಕಡಿಮೆ ಅಷ್ಟೇ ದೂರವನ್ನು ಇದೇ ಅಳತೆಗೋಲಿನಿಂದ ಅಳೆಯಲು ಹೊರಟವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಇಂದು ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ, ಮತ್ತು ನಾಳೆ ಯಾವ ಹೊತ್ತಿಗೆ ಯಾವ ಜಾಗವನ್ನು ದಾಟಿರುತ್ತೇವೆ. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪಟ್ಟಣದ ಪೇಟೆಬೀದಿಯೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಂದರೆ ನಾವು ಹತ್ತಿ ಏದುಸಿರು ಬಿಟ್ಟು ಫೋಟೊ ತೆಗೆಸಿಕೊಳ್ಳುವ ಬೆಟ್ಟಕ್ಕಿಂತ ಒಂದೂವರೆ ಸಾವಿರ ಮೀಟರಿಗೂ ಮೇಲೆ ಅಲ್ಲಿಯವರು ತರಕಾರಿ ಕೊಳ್ಳುತ್ತಿರುತ್ತಾರೆ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು ಮಾತ್ರ. ಖಾರ್ದುಂಗ್ ಲಾ, ತಾಂಗ್ಲಾಂಗ್ ಲಾಗಳಂಥ 5,300 ಮೀಟರ್ ಮೀರಿದ ಘಾಟಿಗಳ ತುದಿಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಗಾಳಿಯ ಒತ್ತಡವೇ ಕುಗ್ಗುವುದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಪ್ರಮಾಣ ಇಳಿಯುತ್ತದೆ. ಎಂಜಿನ್ನಿಗೂ ಇದೇ ಗತಿ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು ನಾಲ್ಕು ಜನ ಮತ್ತು ಸಾಮಾನನ್ನು ಹೊತ್ತು ಮೊದಲ ಗೇರಿನಲ್ಲಿ ನರಳುತ್ತಾ ಏರುವುದನ್ನು ತಾಂಗ್ಲಾಂಗ್ ಲಾದ ಬಳಿ ಯಾವ ದಿನವಾದರೂ ನೋಡಬಹುದು.

ದೇಹ ಈ ಕೊರತೆಗೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ. ವ್ಯಾಯಾಮ ಮಾಡಿ ಗಟ್ಟಿಯಾದವರಿಗೆ ಅದು ರಿಯಾಯಿತಿ ಕೊಡುವುದಿಲ್ಲ. ದಿನವೂ ಹತ್ತು ಕಿಲೋಮೀಟರ್ ಓಡುವ ಯುವಕ ತಲೆ ಹಿಡಿದುಕೊಂಡು ಕುಳಿತಿರುವಾಗ ಅವನ ಅಜ್ಜಿ ಚಹಾ ಕುಡಿಯುತ್ತಾ ಕಿಟಕಿಯಿಂದ ಹಿಮ ನೋಡುತ್ತಿರಬಹುದು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ವಿಪರೀತ ಆಯಾಸ, ಇವು ಮೊದಲ ಲಕ್ಷಣಗಳು. ಇವನ್ನು ಪ್ರಯಾಣದ ದಣಿವೆಂದೋ ಪಿತ್ತವೆಂದೋ ತಳ್ಳಿಹಾಕಿ ಮತ್ತೂ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ, ಇಲ್ಲವೇ ಮೆದುಳು ಊದಿಕೊಳ್ಳುವ ಪ್ರಾಣಾಂತಿಕ ಸ್ಥಿತಿಗೆ ಹೋಗಬಹುದು. ಕುಳಿತಲ್ಲೇ ಏದುಸಿರು ಬರುವುದು, ಕುಡಿದವರಂತೆ ಹೆಜ್ಜೆ ತಪ್ಪುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಕೆಳಗಿಳಿಯಬೇಕು. ಪರ್ವತ ವೈದ್ಯರು ಸಾಮಾನ್ಯವಾಗಿ ಹೇಳುವ ನಿಯಮವೇನೆಂದರೆ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಪ್ರತಿ 1,000 ಮೀಟರಿಗೆ ಒಂದು ದಿನ ಹೆಚ್ಚುವರಿಯಾಗಿ ನಿಲ್ಲಬೇಕು. ಗಮನಿಸಿ, ಅವರು ಹೇಳುವುದು ಮಲಗುವ ಎತ್ತರ. ಹಗಲಿನಲ್ಲಿ ಎತ್ತರದ ಘಾಟಿಯನ್ನು ದಾಟಿ ರಾತ್ರಿಗೆ ಇಳಿದು ಮಲಗುವುದಕ್ಕೂ ಎತ್ತರದಲ್ಲೇ ರಾತ್ರಿ ಕಳೆಯುವುದಕ್ಕೂ ಬಹಳ ಅಂತರವಿದೆ. ರಸ್ತೆಯ ಮೇಲೆ ಈ ನಿಯಮವನ್ನು ಅಕ್ಷರಶಃ ಪಾಲಿಸುವುದು ಎಲ್ಲ ಕಡೆಯೂ ಆಗದು, ಏಕೆಂದರೆ ಬೇಕಾದ ಎತ್ತರದಲ್ಲೆಲ್ಲ ಊರುಗಳಿಲ್ಲ. ಆದರೆ ಅದರ ಹತ್ತಿರಕ್ಕೆ ಹೋಗಲು ಸಾಧ್ಯ.

ಇದನ್ನು ಎರಡು ದಾರಿಗಳಿಗೆ ಅನ್ವಯಿಸಿ ನೋಡೋಣ. ಶ್ರೀನಗರ ಸುಮಾರು 1,585 ಮೀಟರ್, ಸೋನಾಮಾರ್ಗ್ 2,740, ಕಾರ್ಗಿಲ್ 2,676, ಲೇಹ್ 3,500. ನಡುವೆ ಜೋಜಿ ಲಾ, ನಮಿಕಾ ಲಾ, ಫೋಟು ಲಾ ಎಂಬ ಘಾಟಿಗಳಿವೆ. ಅವುಗಳಲ್ಲಿ ಅತಿ ಎತ್ತರದ ಫೋಟು ಲಾ 4,108 ಮೀಟರ್. ಪ್ರತಿ ಬಾರಿಯೂ ಹತ್ತಿದ ಮೇಲೆ ಇಳಿಯುತ್ತೇವೆ, ಪ್ರತಿ ರಾತ್ರಿಯೂ ದೇಹಕ್ಕೆ ತಡೆದುಕೊಳ್ಳಬಹುದಾದ ಎತ್ತರದಲ್ಲೇ ಮಲಗುತ್ತೇವೆ. ಮನಾಲಿಯ ಕಡೆಯ ಕಥೆಯೇ ಬೇರೆ. ಮನಾಲಿ ಸುಮಾರು 2,050 ಮೀಟರ್. ಅಲ್ಲಿಂದ ಬೆಳಿಗ್ಗೆ ಹೊರಟವರು 4,890 ಮೀಟರಿನ ಬಾರಾಲಾಚಾ ಲಾ ದಾಟಿ ಸಂಜೆಗೆ ಸರ್ಚುವಿನ ಡೇರೆಗಳನ್ನು ತಲುಪುತ್ತಾರೆ. ಸರ್ಚು ಸುಮಾರು 4,290 ಮೀಟರ್. ಒಂದೇ ದಿನದಲ್ಲಿ ಮಲಗುವ ಎತ್ತರ ಎರಡು ಸಾವಿರ ಮೀಟರಿಗೂ ಹೆಚ್ಚು ಏರಿತು! ರಾತ್ರಿ ಹನ್ನೊಂದರ ಹೊತ್ತಿಗೆ ಯಾರಿಗಾದರೂ ಉಸಿರು ಕಟ್ಟತೊಡಗಿದರೆ ಇಳಿಯುವುದೆಲ್ಲಿಗೆ? ಹಿಂದಕ್ಕೆ ಹೋಗಬೇಕೆಂದರೆ ಕತ್ತಲಲ್ಲಿ ಮತ್ತೆ ಬಾರಾಲಾಚಾ ಹತ್ತಬೇಕು. ಮುಂದಕ್ಕೆ ಹೋಗಬೇಕೆಂದರೆ ನಕೀ ಲಾ, ಲಾಚುಂಗ್ ಲಾ, ತಾಂಗ್ಲಾಂಗ್ ಲಾ ಮೂರನ್ನೂ ದಾಟಬೇಕು. ಕೆಳಗಿಳಿಯಲು ಮೊದಲು ಮೇಲೇರಲೇಬೇಕಾದ ಬಟ್ಟಲು ಅದು. ನಕಾಶೆಯಲ್ಲಿ ಕಿಲೋಮೀಟರುಗಳನ್ನು ಮಾತ್ರ ನೋಡಿದವರಿಗೆ ಸರ್ಚು ದಾರಿಯ ಸರಿಯಾದ ಮಧ್ಯಭಾಗ, ತಂಗಲು ಹೇಳಿ ಮಾಡಿಸಿದ ಜಾಗ. ಎತ್ತರ ನೋಡಿದವರು ಸುಮಾರು 3,200 ಮೀಟರಿನ ಜಿಸ್ಪಾದಲ್ಲೋ ಕೇಲಾಂಗಿನಲ್ಲೋ ಉಳಿಯುತ್ತಾರೆ, ಸಾಧ್ಯವಿದ್ದರೆ ಎರಡು ರಾತ್ರಿ, ಮತ್ತು ಮರುದಿನ ಕತ್ತಲಿರುವಾಗಲೇ ಹೊರಟು ಸರ್ಚುವಿನಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ.

ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಔಪಚಾರಿಕತೆಯಲ್ಲ. ಅಸಿಟಜೋಲಮೈಡ್ ಎಂಬ, ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಮಾತ್ರೆ ದೇಹದ ಹೊಂದಾಣಿಕೆಯನ್ನು ಚುರುಕುಗೊಳಿಸುತ್ತದೆ ನಿಜ. ಆದರೆ ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ತಾವಾಗಿ ನುಂಗುವಂತಿಲ್ಲ. ಸಭಿಕರೊಬ್ಬರು ಕೈಯಲ್ಲಿ ಹಿಡಿಯುವ ಆಮ್ಲಜನಕದ ಸಣ್ಣ ಡಬ್ಬಿಗಳ ಬಗ್ಗೆ ಕೇಳಿದರು. ಅದರಲ್ಲಿರುವುದು ಕೆಲವೇ ನಿಮಿಷಗಳ ಉಸಿರು. ಅದು ಕೆಳಗಿಳಿಯುವುದಕ್ಕೆ ಬದಲಿ ಎಂದು ನಂಬಿ ಮೇಲೆಯೇ ಉಳಿದರೆ, ಡಬ್ಬಿ ಇಲ್ಲದಿರುವುದೇ ವಾಸಿ. ಲೇಹ್‌ನಲ್ಲಿ ಸೋನಮ್ ನೊರ್ಬೂ ಸ್ಮಾರಕ ಆಸ್ಪತ್ರೆ ಇದೆ. ಅಲ್ಲಿಯ ವೈದ್ಯರಿಗೆ ಈ ಕಾಯಿಲೆ ಪ್ರವಾಸದ ಋತುವಿನಲ್ಲಿ ದಿನನಿತ್ಯದ ವಿಷಯ.

ಜೋಜಿ ಲಾ ಹೆಸರು ಬಂದಾಗ ಒಂದು ಕ್ಷಣ ನಿಲ್ಲಲೇಬೇಕು. ಕಾಶ್ಮೀರದ ಹಸಿರು ಮುಗಿದು ಲಡಾಖಿನ ಬೋಳು ಬೆಟ್ಟಗಳು ಆರಂಭವಾಗುವ, 3,500 ಮೀಟರ್ ಮೀರಿದ ಈ ಘಾಟಿಗೆ ಕೊಡಗಿನೊಂದಿಗೆ ನೇರ ಸಂಬಂಧವಿದೆ. 1948ರಲ್ಲಿ ದಾಳಿಕೋರರು ಜೋಜಿ ಲಾವನ್ನು ಹಿಡಿದು ಲೇಹ್‌ನ ರಸ್ತೆ ಸಂಪರ್ಕವನ್ನು ಕಡಿದಿದ್ದಾಗ, ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಆ ಭಾಗದ ಡಿವಿಜನ್ನಿನ ದಂಡನಾಯಕರಾಗಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಲೇಹ್‌ನ ಕಚ್ಚಾ ಓಡುದಾರಿಯಲ್ಲಿ ಮೊದಲ ಬಾರಿಗೆ ಡಕೋಟಾ ವಿಮಾನ ಇಳಿಸಿದ ಮೆಹರ್ ಸಿಂಗ್ ಅವರ ಜೊತೆಗೆ ವಿಮಾನದಲ್ಲಿ ಕುಳಿತಿದ್ದವರೂ ಇದೇ ತಿಮ್ಮಯ್ಯ. ಕಾಲಾಳುಗಳ ದಾಳಿ ಫಲಿಸದಿದ್ದಾಗ ಅವರು ಘಾಟಿಗೆ ಟ್ಯಾಂಕುಗಳನ್ನು ತರಿಸಲು ನಿರ್ಧರಿಸಿದರು. ಗುಟ್ಟು ಬಯಲಾಗದಂತೆ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ ಸಾಗಿಸಲಾಯಿತು. ಹೇಸರಗತ್ತೆಯ ಜಾಡನ್ನು ಮದ್ರಾಸ್ ಸ್ಯಾಪರ್ಸ್‌ನವರು, ಅಂದರೆ ನಮ್ಮ ಬೆಂಗಳೂರಿನಲ್ಲಿ ನೆಲೆಯುಳ್ಳ ಎಂಜಿನಿಯರ್ ದಳದವರು, ಅಗಲ ಮಾಡಿಕೊಟ್ಟರು. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿದ್ದ ಹೊತ್ತಿನಲ್ಲಿ, ಟ್ಯಾಂಕುಗಳು ಘಾಟಿಯನ್ನು ದಾಟಿದವು. ಆ ತಿಂಗಳು ಮುಗಿಯುವುದರೊಳಗೆ ಕಾರ್ಗಿಲ್ ಮತ್ತೆ ಕೈಗೆ ಬಂತು. ಇಂದು ಜೋಜಿ ಲಾದ ಕೆಸರಿನ ತಿರುವುಗಳಲ್ಲಿ ಕಾರಿನ ಸ್ಟಿಯರಿಂಗ್ ಹಿಡಿದು ಬೆವರುವಾಗ, ಅಷ್ಟು ಸಾಧನವಿಲ್ಲದ ಕಾಲದಲ್ಲಿ ಅಷ್ಟು ಭಾರದ ಯಂತ್ರಗಳು ಇಲ್ಲಿ ಏರಿದವೆಂಬುದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಇನ್ನು ಎರಡನೆಯ ಲೆಕ್ಕ, ಹೊತ್ತಿನದು. ಜೋಜಿ ಲಾದ ಕೆಲವು ಭಾಗಗಳು ಎಷ್ಟು ಕಿರಿದೆಂದರೆ, ಸಂಚಾರ ಪೊಲೀಸರು ಆಗಾಗ ಒಂದೊಂದು ದಿಕ್ಕಿಗೆ ಒಂದೊಂದು ಹೊತ್ತನ್ನು ಗೊತ್ತುಮಾಡಿ ವಾಹನಗಳನ್ನು ಬಿಡುತ್ತಾರೆ. ಗೇಟು ಮುಚ್ಚುವ ಸಮಯ ಕಳೆದು ಹತ್ತು ನಿಮಿಷಕ್ಕೆ ಬಂದವರು ಮರುದಿನದವರೆಗೆ ಕಾಯಬೇಕಾದೀತು. ಸೇನೆಯ ಲಾರಿಗಳ ಸಾಲು ಹೊರಟಿದ್ದರೆ ಅದರ ಹಿಂದೆಯೇ ಸಾಗಬೇಕು. ಹಾದಿ ಕೊಡುವವರೆಗೆ ಹಾರ್ನ್ ಬಾರಿಸಿ ಫಲವಿಲ್ಲ. ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವನ್ನು ನಮ್ಮ ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಮರೆತೇಬಿಟ್ಟಿದ್ದೇವೆ. ಅಲ್ಲಿ ಅದನ್ನು ಲಾರಿ ಚಾಲಕರು ಶಿಸ್ತಿನಿಂದ ಪಾಲಿಸುತ್ತಾರೆ, ಏಕೆಂದರೆ ಏರಿನಲ್ಲಿ ಒಮ್ಮೆ ನಿಂತ ತುಂಬಿದ ಲಾರಿ ಆ ಗಾಳಿಯಲ್ಲಿ ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತು.

ಹೊತ್ತಿನ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ರಸ್ತೆಯನ್ನು ಅಡ್ಡ ಹಾಯುವ ಹಳ್ಳಗಳಲ್ಲಿ. ಅಲ್ಲಿಯವರು ನಾಲಾ ಎನ್ನುತ್ತಾರೆ. ಈ ಹಳ್ಳಗಳು ಮಳೆಯಿಂದ ಬರುವಂಥವಲ್ಲ. ಮೇಲಿನ ಹಿಮ, ನೀರ್ಗಲ್ಲುಗಳು ಬಿಸಿಲಿಗೆ ಕರಗಿ ಹರಿದು ಬರುವ ನೀರು ಅದು. ರಾತ್ರಿ ಚಳಿಗೆ ಕರಗುವುದು ನಿಲ್ಲುವುದರಿಂದ ಬೆಳಗಿನ ಜಾವ ನೀರು ಕಣಕಾಲಿನಷ್ಟಿರುತ್ತದೆ. ಹನ್ನೊಂದು ಗಂಟೆಯ ಮೇಲೆ ಏರತೊಡಗಿ, ಮಧ್ಯಾಹ್ನ ಕಳೆದ ಮೇಲೆ ಅದೇ ಹಳ್ಳ ಬಾನೆಟ್ಟಿನವರೆಗೆ ಚಿಮ್ಮುತ್ತದೆ. ಆಕಾಶ ನೀಲಿಯಾಗಿ ನಿರ್ಮಲವಾಗಿರುವ ದಿನವೇ ಹಳ್ಳಕ್ಕೆ ಹೆಚ್ಚು ನೀರು. ಮೋಡ ಕಟ್ಟಿದ ದಿನ ಹಳ್ಳ ತುಂಬುವುದನ್ನು ಕಂಡು ಬೆಳೆದ ಮಲೆನಾಡಿನವರ ಅನುಭವಕ್ಕೆ ಇದು ಪೂರಾ ತಲೆಕೆಳಗು.

ಬಾರಾಲಾಚಾದ ಏರಿಗೆ ಮುಂಚಿನ ಅಂಥದೊಂದು ಹಳ್ಳದ ಬಳಿ ಪಂಜಾಬಿನ ಲಾರಿ ಚಾಲಕರೊಬ್ಬರು ಇಳಿದು ನೋಡುತ್ತಿದ್ದ ರೀತಿ ನನಗೆ ಯಾವ ಚಾಲನಾ ಶಾಲೆಯೂ ಕಲಿಸದ ಪಾಠವಾಯಿತು. ಅವರು ಮೊದಲು ಎದುರಿನ ದಡದಲ್ಲಿ ಹಿಂದಿನ ವಾಹನಗಳ ಚಕ್ರದ ಗುರುತು ಎಲ್ಲಿ ಹತ್ತಿದೆಯೆಂದು ನೋಡಿದರು. ಆಮೇಲೆ ನೀರನ್ನು ನೋಡಿದರು. ಎಲ್ಲಿ ನೀರು ಚಿಕ್ಕ ಚಿಕ್ಕ ಅಲೆಗಳಾಗಿ ಸದ್ದು ಮಾಡುತ್ತಾ ಒಡೆಯುತ್ತದೆಯೋ ಅಲ್ಲಿ ತಳದಲ್ಲಿ ಕಲ್ಲುಗಳಿವೆ, ಆಳ ಕಡಿಮೆ. ಎಲ್ಲಿ ನುಣ್ಣಗೆ, ಕಪ್ಪಗೆ, ಸದ್ದಿಲ್ಲದೆ ಜಾರುತ್ತದೆಯೋ ಅಲ್ಲಿ ಗುಂಡಿ. ನಾವೆಲ್ಲ ದಾಟಲು ಗೊತ್ತುಮಾಡಿಕೊಂಡಿದ್ದ ಜಾಗ ಆ ನುಣುಪಾದ ಜಾಗವೇ. ಒಂದು ದೊಡ್ಡ ಕಲ್ಲನ್ನು ತೆಗೆದು ನೀರಿಗೆ ಎಸೆದು, ಅದು ಬಿದ್ದ ಸದ್ದನ್ನು ಕೇಳಿ, "ಇಲ್ಲಿ ಬೇಡ ಭಾಯಿ, ಆ ಮೇಲಿನಿಂದ ಬನ್ನಿ" ಎಂದು ಕೈ ತೋರಿಸಿದರು. ನೀರಿಗೆ ಇಳಿಯುವ ಮುನ್ನವೇ ಮೊದಲ ಗೇರಿಗೆ ಹಾಕಬೇಕು, ನೀರಿನ ನಡುವೆ ಗೇರು ಬದಲಿಸಬಾರದು, ಆಕ್ಸಿಲರೇಟರಿನ ಮೇಲಿನ ಕಾಲನ್ನು ಏರಿಳಿಸದೆ ಒಂದೇ ಹದದಲ್ಲಿ ಇಟ್ಟಿರಬೇಕು, ಆಚೆ ದಡ ಹತ್ತಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿಕೊಳ್ಳಬೇಕು. ಕಾರು ನೀರಿನಲ್ಲಿ ನಿಂತು ಎಂಜಿನ್ ಆಫ್ ಆದರೆ ಕೂಡಲೇ ಸ್ಟಾರ್ಟ್ ಮಾಡಲು ಹೋಗಬಾರದು, ಏರ್ ಫಿಲ್ಟರಿನ ಮೂಲಕ ನೀರು ಒಳಗೆಳೆದುಕೊಂಡ ಎಂಜಿನ್ ಅಲ್ಲಿಗೆ ಮುಗಿಯಿತು. ಇವೆಲ್ಲವನ್ನೂ ಅವರು ನಿಂತಲ್ಲೇ ಐದು ನಿಮಿಷದಲ್ಲಿ ಹೇಳಿದರು. ಕೊನೆಗೆ ಹೇಳಿದ್ದೇ ಮುಖ್ಯವಾದದ್ದು: ಈ ಮಾತೆಲ್ಲ ಬೆಳಗಿನ ನೀರಿಗೆ, ಮೂರು ಗಂಟೆಯ ಮೇಲಾದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿಬಿಡಬೇಕು.

ಇಂಧನದ ವಿಷಯ ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಮನಾಲಿಯ ದಾರಿಯಲ್ಲಿ ಕೇಲಾಂಗಿಗೆ ಮುಂಚೆ ಸಿಗುವ ತಾಂಡಿಯ ಬಂಕಿನಲ್ಲಿ "ಮುಂದಿನ ಬಂಕು 365 ಕಿಲೋಮೀಟರ್" ಎಂಬ ಹೆಸರಾಂತ ಫಲಕವಿದೆ. ಏರಿನಲ್ಲಿ, ಕಡಿಮೆ ಗೇರಿನಲ್ಲಿ ಕಾರು ಕುಡಿಯುವ ಎಣ್ಣೆ ಹೆದ್ದಾರಿಯ ಮೈಲೇಜಿನ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಅಲ್ಲಿ ಟ್ಯಾಂಕು ತುಂಬಿಸದೆ ಮುಂದೆ ಹೋಗುವುದು ಅವಿವೇಕ. ಚಳಿಗಾಲದಲ್ಲಿ ಸಾಮಾನ್ಯ ಡೀಸೆಲ್ ಗಟ್ಟಿಯಾಗಿಬಿಡುತ್ತದೆ. ಈ ಕಾರಣಕ್ಕೇ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಮೈನಸ್ 33 ಡಿಗ್ರಿಯವರೆಗೂ ಹರಿಯಬಲ್ಲ ವಿಶೇಷ ಡೀಸೆಲನ್ನು ಲಡಾಖಿನಲ್ಲಿ ಮಾರಾಟಕ್ಕೆ ತಂದಿತು. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು-ಕಾಶ್ಮೀರದಲ್ಲೂ ಲಡಾಖಿನಲ್ಲೂ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಅದಿದ್ದರೂ ಸರ್ಚುವಿನಿಂದಾಚೆಗೆ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ನಕಾಶೆಯನ್ನು ಮೊದಲೇ ಇಳಿಸಿಕೊಳ್ಳುವುದು, ಮನೆಯವರಿಗೆ "ಎರಡು ದಿನ ಫೋನ್ ಬರದಿದ್ದರೆ ಗಾಬರಿಯಾಗಬೇಡಿ" ಎಂದು ಹೇಳಿಡುವುದು ಒಳ್ಳೆಯದು. ನುಬ್ರಾ, ಪ್ಯಾಂಗಾಂಗ್‌ಗಳಂಥ ಗಡಿಭಾಗಗಳಿಗೆ ಬೇಕಾದ ಅನುಮತಿ ಮತ್ತು ಶುಲ್ಕಗಳ ನಿಯಮಗಳು ಆಗಾಗ ಬದಲಾಗುತ್ತವೆ, ಹೋಗುವ ವಾರವೇ ಆಡಳಿತದ ಪ್ರಕಟಣೆ ನೋಡಿಕೊಳ್ಳಬೇಕು. ಬಾಡಿಗೆ ಬೈಕಿನಲ್ಲಿ ಹೋಗುವವರಿಗೆ ಒಂದು ಮಾತು: ಮನಾಲಿಯಲ್ಲೋ ಶ್ರೀನಗರದಲ್ಲೋ ಬಾಡಿಗೆಗೆ ಪಡೆದ ಬೈಕನ್ನು ಲೇಹ್ ಸುತ್ತಮುತ್ತ ಓಡಿಸಲು ಅಲ್ಲಿ ಬೈಕು ಬಾಡಿಗೆಗೆ ಕೊಡುವವರ ಸಂಘ ಬಿಡುವುದಿಲ್ಲ. ಇದರ ಬಗ್ಗೆ ಸಿಡುಕುವ ಪ್ರವಾಸಿಗರನ್ನು ನೋಡಿದ್ದೇನೆ. ವರ್ಷದ ನಾಲ್ಕೈದು ತಿಂಗಳಿನ ಗಳಿಕೆಯಲ್ಲಿ ಇಡೀ ವರ್ಷ ಬದುಕಬೇಕಾದ ಊರಿನವರು ಹಾಗೆ ಮಾಡದೆ ಇನ್ನೇನು ಮಾಡಿಯಾರು ಎಂಬುದು ನನ್ನ ಅಭಿಪ್ರಾಯ.

ನಾವು ಓಡಾಡುವ ಈ ರಸ್ತೆಯನ್ನು ಯಾರು ಉಳಿಸಿಕೊಂಡಿದ್ದಾರೆ ಎಂಬುದನ್ನು ಪ್ರವಾಸ ಕಥನಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತವೆ. ಗಡಿ ರಸ್ತೆಗಳ ಸಂಸ್ಥೆ 1960ರಲ್ಲಿ ಹುಟ್ಟಿತು. ಲಡಾಖಿನಲ್ಲಿ ಅದರ ಹಿಮಾಂಕ್, ವಿಜಯಕ್ ಯೋಜನೆಗಳೂ ಮನಾಲಿಯ ಕಡೆಗೆ ದೀಪಕ್ ಯೋಜನೆಯೂ ಕೆಲಸ ಮಾಡುತ್ತವೆ. ವೇಗವಾಗಿ ಓಡಿಸುವವರನ್ನು ಕಿಚಾಯಿಸುವ ಅದರ ಪ್ರಾಸದ ಫಲಕಗಳ ಫೋಟೊಗಳನ್ನು ನೀವೆಲ್ಲ ನೋಡಿದ್ದೀರಿ. ಫೋಟೊದ ಚೌಕಟ್ಟಿನ ಹೊರಗೆ ಇರುವವರು ಕೂಲಿಗಳು. ಅವರಲ್ಲಿ ಬಹಳ ಮಂದಿ ಝಾರ್ಖಂಡಿನ ದುಮ್ಕಾ ಕಡೆಯಿಂದ, ಸಂತಾಲ ಪರಗಣದಿಂದ ಬಂದವರು. ಬಯಲುಸೀಮೆಯ ಜನ. ತಾಂಗ್ಲಾಂಗ್ ಲಾದ ಕೆಳಗೆ ಟಾರು ಕಾಯಿಸುವ ಡ್ರಮ್ಮಿನ ಪಕ್ಕದಲ್ಲಿ, ಮುಖಕ್ಕೆ ಬಟ್ಟೆ ಸುತ್ತಿ, ಕಣ್ಣಷ್ಟೇ ಕಾಣುವಂತೆ ನಿಂತು ಜಲ್ಲಿ ಹರಡುತ್ತಿದ್ದವರನ್ನು ನೋಡಿದಾಗ ಎತ್ತರದ ಲೆಕ್ಕ ಬೇರೊಂದು ರೀತಿ ಅರ್ಥವಾಗುತ್ತದೆ. ನಾವು ಅದೇ ಜಾಗದಲ್ಲಿ ಕಾರಿನಿಂದಿಳಿದು ಹತ್ತು ಹೆಜ್ಜೆ ನಡೆದರೆ ಎದೆ ಹೊಡೆದುಕೊಳ್ಳುತ್ತದೆ. ಅವರು ಅಲ್ಲಿ ಋತುಪೂರ್ತಿ ಸಲಿಕೆ ಹಿಡಿದಿರುತ್ತಾರೆ. ರಸ್ತೆ ದುರಸ್ತಿಗಾಗಿ ವಾಹನ ನಿಲ್ಲಿಸಿದಾಗ ಕಾರಿನೊಳಗೆ ಕುಳಿತು ಗೊಣಗುವುದಕ್ಕಿಂತ, ಚಹಾದ ಫ್ಲಾಸ್ಕನ್ನೋ ಬಿಸ್ಕತ್ತಿನ ಪೊಟ್ಟಣವನ್ನೋ ಹಿಡಿದು ಇಳಿದು ಮಾತಾಡಿಸುವುದು ಮೇಲು. ಮುಂದಿನ ಹಳ್ಳದಲ್ಲಿ ನೀರು ಎಷ್ಟಿದೆ ಎಂಬ ಖಚಿತ ಸುದ್ದಿಯೂ ಅವರಿಂದಲೇ ಸಿಗುತ್ತದೆ.

ಲಡಾಖಿನೊಳಗೆ ತಲುಪಿದ ಮೇಲೆ ಕಲಿಯಬೇಕಾದದ್ದು ನೀರಿನ ಬಳಕೆ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿಲಿಮೀಟರ್. ಚಳ್ಳಕೆರೆಯವರೂ ಅಯ್ಯೋ ಎನ್ನಬೇಕಾದಷ್ಟು ಕಡಿಮೆ. ಅಲ್ಲಿಯ ಬಾರ್ಲಿ, ಗೋಧಿ, ಜರ್ದಾಳು ತೋಟಗಳೆಲ್ಲ ಕರಗಿದ ಹಿಮದ ನೀರನ್ನು ಕಾಲುವೆಗಳಲ್ಲಿ ತಂದು ಬೆಳೆದಂಥವು. ಯಾರ ಹೊಲಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಹಂಚಲು ಹಳ್ಳಿಗಳಲ್ಲಿ ಚುರ್ಪೊನ್ ಎಂಬವನಿರುತ್ತಾನೆ. ಕೋಲಾರ, ತುಮಕೂರುಗಳ ಕೆರೆಯಂಚಿನ ಹಳ್ಳಿಗಳ ನೀರಗಂಟಿಯನ್ನು ಕಂಡವರಿಗೆ ಅವನ ಕೆಲಸವನ್ನು ವಿವರಿಸಬೇಕಾಗಿಲ್ಲ. ಬಿತ್ತನೆಯ ಏಪ್ರಿಲ್-ಮೇ ತಿಂಗಳಲ್ಲಿ ಹಿಮನದಿಗಳಿನ್ನೂ ಸಾಕಷ್ಟು ಕರಗಿರುವುದಿಲ್ಲ, ನೀರು ಬೇಕಾದ ಹೊತ್ತಿಗೆ ಇರುವುದಿಲ್ಲ. ಇದಕ್ಕೆಂದೇ ನಿವೃತ್ತ ಎಂಜಿನಿಯರ್ ಚೆವಾಂಗ್ ನೊರ್ಫೆಲ್ ಅವರು ಚಳಿಗಾಲದಲ್ಲಿ ವ್ಯರ್ಥವಾಗಿ ಹರಿಯುವ ನೀರನ್ನು ಊರಿನ ಹತ್ತಿರದ ನೆರಳಿನ ಕಣಿವೆಗಳಲ್ಲಿ ತಡೆದು ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ಕಟ್ಟಿಸಿದರು. ಸೋನಮ್ ವಾಂಗ್ಚುಕ್ ಅವರು ಅದೇ ನೀರನ್ನು ಕೊಳವೆಯಲ್ಲಿ ತಂದು ಕಾರಂಜಿಯಾಗಿ ಚಿಮ್ಮಿಸಿ ಶಂಕುವಿನಾಕಾರದ ಹಿಮಸ್ತೂಪಗಳನ್ನು ಬೆಳೆಸಿದರು. ಪಂಪು ಬೇಕಿಲ್ಲ. ಮೇಲಿನಿಂದ ಇಳಿದು ಬರುವ ನೀರು ತನ್ನ ಒತ್ತಡದಿಂದಲೇ ಚಿಮ್ಮುತ್ತದೆ. ಶಂಕುವಿನಾಕಾರದಿಂದಾಗಿ ಬಿಸಿಲಿಗೆ ಒಡ್ಡುವ ಮೈ ಕಡಿಮೆಯಾಗಿ ಹಿಮ ನಿಧಾನವಾಗಿ ಕರಗುತ್ತದೆ.

ಇಷ್ಟು ಎಚ್ಚರದಿಂದ ನೀರು ಬಳಸುವ ಊರಿಗೆ ಹೋಗಿ ದಿನಕ್ಕೆರಡು ಬಾರಿ ಷವರ್ ಕೇಳುವವರು ನಾವು. ಲೇಹ್‌ನ ಹೋಟೆಲುಗಳು ಪ್ರವಾಸಿಗರಿಗಾಗಿ ಕೊಳವೆಬಾವಿ ಕೊರೆಸುತ್ತಿವೆ. ಹಳ್ಳಿಮನೆಗಳಲ್ಲಿ ಉಳಿದುಕೊಂಡವರಿಗೆ ಅಲ್ಲಿಯ ಒಣ ಶೌಚಾಲಯದ ಪರಿಚಯವಾಗುತ್ತದೆ. ಅದು ಎರಡು ಅಂತಸ್ತಿನದು. ಮೇಲಿನ ಕೋಣೆಯ ಮಣ್ಣಿನ ನೆಲದಲ್ಲಿ ಒಂದು ಕಿಂಡಿ, ಮೂಲೆಯಲ್ಲಿ ಮಣ್ಣಿನ ರಾಶಿ ಮತ್ತು ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಸಲಿಕೆಯಿಂದ ಮಣ್ಣೋ ಬೂದಿಯೋ ಎಳೆದು ಹಾಕಬೇಕು. ಕೆಳಗಿನ ಕೋಣೆಯಲ್ಲಿ ಅದು ಗೊಬ್ಬರವಾಗಿ ವಸಂತದಲ್ಲಿ ಹೊಲಕ್ಕೆ ಹೋಗುತ್ತದೆ. ಒಣ ಗಾಳಿಯ ಕಾರಣ ವಾಸನೆ ಬಹಳ ಕಡಿಮೆ. ನೀರಿಲ್ಲದೆ ಶೌಚವೆಂದರೆ ಮುಖ ಕಿವುಚುವ ನಮ್ಮವರಿಗೆ ಇದು ಕಷ್ಟವೆಂದು ಗೊತ್ತು, ಆದರೆ ಚಳಿಗಾಲದಲ್ಲಿ ಕೊಳವೆಗಳೊಳಗೆ ನೀರು ಹೆಪ್ಪುಗಟ್ಟುವ ಸೀಮೆಯಲ್ಲಿ ಫ್ಲಷ್ ಶೌಚಾಲಯಕ್ಕಿಂತ ಇದೇ ಮುಂದುವರಿದ ವ್ಯವಸ್ಥೆ ಎಂದು ನಾನು ವಾದಿಸಲು ಸಿದ್ಧ.

ಲೇಹ್ ಸಮೀಪದ ಗೊಂಪಾವೊಂದರ ಅಂಗಳದಲ್ಲಿ ನಮ್ಮ ಕಾರಿನ ಕೆಎ ನಂಬರ್ ಪ್ಲೇಟು ನೋಡಿ ಭಿಕ್ಷು ಒಬ್ಬರು ಹತ್ತಿರ ಬಂದು "ಊಟ ಆಯ್ತಾ?" ಎಂದು ಕೇಳಿದರು. ಮುಂಡಗೋಡಿನ ವಿಹಾರದಲ್ಲಿ ವರ್ಷಗಟ್ಟಲೆ ಓದಿದವರು. ಇದು ಅಪರೂಪದ ಸಂಗತಿಯೇನಲ್ಲ. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ 1960ರ ದಶಕದಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಜಾಗ ಕೊಟ್ಟಿತು. ಅಲ್ಲಿ ಮರುಸ್ಥಾಪನೆಯಾದ ಸೇರಾ, ಡ್ರೆಪುಂಗ್, ಗಂದೆನ್ ವಿಹಾರಗಳಿಗೆ ಲಡಾಖಿನ ಹುಡುಗರು ಓದಲು ಬರುತ್ತಾರೆ. ಹಾಗಾಗಿ ನಾವು ಅಪರಿಚಿತವೆಂದುಕೊಂಡು ಹೋದ ಸೀಮೆಯ ಎಷ್ಟೋ ಮನೆಗಳಿಗೆ ಹುಬ್ಬಳ್ಳಿಯ ರೈಲು ನಿಲ್ದಾಣ ಚೆನ್ನಾಗಿ ಗೊತ್ತು. ಎತ್ತರದ ತಲೆನೋವಿನ ಮಾತು ಬಂದಾಗ ಆ ಭಿಕ್ಷುಗಳು ನಕ್ಕು, ಕೆಳಗಿಳಿಯುವವರಿಗೂ ತೊಂದರೆ ಇದೆ ಎಂದರು. ಹುಡುಗರನ್ನು ಮೊದಲ ಸಲ ದಕ್ಷಿಣಕ್ಕೆ ಕಳಿಸುವಾಗ ಹಿರಿಯರು ಚಳಿಗಾಲದಲ್ಲೇ ಕಳಿಸಲು ನೋಡುತ್ತಾರಂತೆ, ಮುಂಡಗೋಡಿನ ಏಪ್ರಿಲ್ ಬಿಸಿಲು ಎದುರಾಗುವ ಮುನ್ನ ಮೈ ಸ್ವಲ್ಪ ಒಗ್ಗಿರಲೆಂದು. ನಾವು ಪುಸ್ತಕದಲ್ಲಿ ಓದಿ ಕಲಿತ ಲೆಕ್ಕವನ್ನು ಅವರು ತಿರುವುಮುರುವಾಗಿ ರೂಢಿಯಲ್ಲಿ ಇಟ್ಟುಕೊಂಡಿದ್ದರು.

ಕೊನೆಯ ಪ್ರಶ್ನೆ ಕೇಳಿದವರು ನಿವೃತ್ತ ದಂಪತಿ: ಯಾವ ತಿಂಗಳು ಹೋಗಬೇಕು, ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಬರಬೇಕು? ದಾರಿಯ ಉತ್ತರ ಆಗಲೇ ಹೇಳಿದ ಎತ್ತರಗಳಲ್ಲೇ ಇದೆ. ಶ್ರೀನಗರದ ಮೂಲಕ ಒಳಹೋಗಿ, ಸೋನಾಮಾರ್ಗ್ ಮತ್ತು ಕಾರ್ಗಿಲ್‌ಗಳಲ್ಲಿ ರಾತ್ರಿ ತಂಗಿ, ಲೇಹ್ ತಲುಪಿದ ಮೇಲೆ ಎರಡು ದಿನ ಊರೊಳಗೇ ನಿಧಾನವಾಗಿ ಓಡಾಡಿ, ಆಮೇಲೆ ನುಬ್ರಾ, ಪ್ಯಾಂಗಾಂಗ್ ನೋಡಿ, ದೇಹ ಒಗ್ಗಿದ ಮೇಲೆ ಮನಾಲಿಯ ದಾರಿಯಲ್ಲಿ ಹೊರಬರುವುದು ಕ್ಷೇಮ. ಒಗ್ಗಿದ ದೇಹಕ್ಕೆ ಸರ್ಚುವಿನ ಬಟ್ಟಲು ಅಷ್ಟು ಅಪಾಯದ್ದಲ್ಲ, ಮತ್ತು ದಿನದ ಕೊನೆಗೆ ಇಳಿಯುತ್ತಲೇ ಇರುತ್ತೇವೆ. 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ರೋಹ್ತಾಂಗ್ ಘಾಟಿಯನ್ನು ತಪ್ಪಿಸುತ್ತದೆ. ಶ್ರೀನಗರದ ಕಡೆಗೆ 2025ರ ಜನವರಿಯಲ್ಲಿ ಉದ್ಘಾಟನೆಯಾದ 6.5 ಕಿಲೋಮೀಟರಿನ ಸುರಂಗದಿಂದಾಗಿ ಸೋನಾಮಾರ್ಗ್‌ಗೆ ವರ್ಷವಿಡೀ ಹೋಗಬಹುದಾಗಿದೆ. ಜೋಜಿ ಲಾದ ಸುರಂಗದ ಕೆಲಸ ನಡೆಯುತ್ತಿದೆ. ಅದು ಮುಗಿದ ದಿನ ನಾನು ಹೇಳಿದ ಗೇಟಿನ ಹೊತ್ತಿನ ಲೆಕ್ಕ ಅಲ್ಲಿ ಬೇಕಾಗದು, ಎತ್ತರದ ಲೆಕ್ಕ ಮಾತ್ರ ಇದ್ದೇ ಇರುತ್ತದೆ.

ತಿಂಗಳಿನ ವಿಷಯದಲ್ಲಿ ನನ್ನ ಆಯ್ಕೆ ಸೆಪ್ಟೆಂಬರ್. ಜೂನ್‌ನಲ್ಲಿ ರಸ್ತೆಗಳು ತೆರೆದಿದ್ದರೂ ಹಿಮದ ಗೋಡೆಗಳು ಕರಗುತ್ತಾ ಹಳ್ಳಗಳು ತುಂಬಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಲಡಾಖ್ ಒಣಗಿದ್ದರೂ ಅಲ್ಲಿಗೆ ಹೋಗುವ ಹಿಮಾಚಲ, ಜಮ್ಮು ಭಾಗದ ರಸ್ತೆಗಳಲ್ಲಿ ಮುಂಗಾರು ಮಳೆಗೆ ಗುಡ್ಡ ಕುಸಿಯುತ್ತದೆ. ಲಡಾಖಿಗೂ ಮಳೆ ಅಪರೂಪಕ್ಕೆ ಕಾಲಿಟ್ಟರೆ ಅನಾಹುತವೇ. 2010ರ ಆಗಸ್ಟ್‌ನ ಮೇಘಸ್ಫೋಟದಲ್ಲಿ ಲೇಹ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರಿನಲ್ಲಿ ರಾತ್ರಿಯ ಚಳಿ ಹೆಚ್ಚಿ ಹಳ್ಳಗಳ ನೀರು ಇಳಿದಿರುತ್ತದೆ, ಬಾರ್ಲಿ ಕೊಯ್ಲು ನಡೆಯುತ್ತಿರುತ್ತದೆ, ಪ್ರವಾಸಿಗರ ದಟ್ಟಣೆಯೂ ತಗ್ಗಿರುತ್ತದೆ. ಆ ದಂಪತಿಯಲ್ಲಿ ಪತಿಗೆ ಹೃದಯದ ಚಿಕಿತ್ಸೆಯಾಗಿದೆ ಎಂದರು. ಅವರಿಗೆ ನಾನು ಹೇಳಿದ್ದು, ತಮ್ಮ ಹೃದಯ ವೈದ್ಯರು ಒಪ್ಪದೆ ಹೊರಡಬೇಡಿ, ಒಪ್ಪಿದರೂ ಮೊದಲ ಸಲಕ್ಕೆ ಶ್ರೀನಗರ, ಸೋನಾಮಾರ್ಗ್, ಕಾರ್ಗಿಲ್‌ವರೆಗೆ ಹೋಗಿ ದೇಹ ಹೇಗೆ ನಡೆದುಕೊಳ್ಳುತ್ತದೆ ನೋಡಿ, ಸರಿಯೆನಿಸಿದರೆ ಲೇಹ್‌ಗೆ ಹೋಗಿ, ಇಲ್ಲವಾದರೆ ಸುರು ಕಣಿವೆಯನ್ನು ನೋಡಿಕೊಂಡು ಬಂದ ದಾರಿಯಲ್ಲೇ ಮರಳಿ. ಕಾರ್ಗಿಲ್‌ನಿಂದ ದಕ್ಷಿಣಕ್ಕೆ ಹೋಗುವ ಆ ಕಣಿವೆಯಲ್ಲಿ ಹಸಿರು ಹೊಲಗಳಿವೆ, ನುನ್ ಮತ್ತು ಕುನ್ ಎಂಬ 7,000 ಮೀಟರ್ ಮೀರಿದ ಎರಡು ಶಿಖರಗಳು ರಸ್ತೆಯಿಂದಲೇ ಕಾಣುತ್ತವೆ, ಜನಸಂದಣಿ ಕಡಿಮೆ, ಮತ್ತು ಕಾರ್ಗಿಲ್‌ನ ಆಸ್ಪತ್ರೆಗೆ ಮರಳಲು ಯಾವ ಘಾಟಿಯನ್ನೂ ಹತ್ತಬೇಕಾಗಿಲ್ಲ.